ಶಾಸಕರು ಕುಣಿಯೋದಿಲ್ಲ

ಹೋದ ಗಣೇಶ ಹಬ್ಬದ ಮುಂಚೆ ನಮ್ಮ ಅಂಗಡಿಗೆ ಒಂದು ಕರಪತ್ರದ ಆರ್ಡರ್ ಬಂತು. ಅಂಗಡಿ ಅಂದರೆ ಗದಗಿನಲ್ಲಿ ಒಂದು ಚಿಕ್ಕ ಡಿಟಿಪಿ ಸೆಂಟರ್. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ನಾನು, ಒಬ್ಬ ಹುಡುಗ. ಗದಗ-ಬೆಟಗೇರಿ ಮೊದಲಿನಿಂದಲೂ ಮುದ್ರಣಕ್ಕೆ ಹೆಸರಾದ ಊರು. ಇಲ್ಲಿ ಪ್ರೆಸ್ಸುಗಳಿಗೆ ಬರವಿಲ್ಲ. ನಮ್ಮಂಥವರು ಅಕ್ಷರ ಜೋಡಿಸಿ ಅವರಿಗೆ ಕಳಿಸುತ್ತೇವೆ.

ಬಂದಿದ್ದು ಒಂದು ಬಡಾವಣೆಯ ಕಾರ್ಯಕ್ರಮದ ಪಟ್ಟಿ, ನೋಟ್‌ಬುಕ್ಕಿನ ಹಾಳೆಯಲ್ಲಿ ಪೆನ್ನಿಂದ ಬರೆದದ್ದು. ಅದರಲ್ಲಿ ಒಂದು ಸಾಲು, "ಪುಟ್ಟ ಮಕ್ಕಳ ನ್ರುತ್ಯ". ಈ ಒಂದು ಪದವನ್ನು ಜನ ಎಷ್ಟು ಥರ ಬರೀತಾರೆ ಅಂತ ನನಗೆ ಗೊತ್ತು. ನ್ರುತ್ಯ, ನ್ರತ್ಯ, ನೃತ್ತ್ಯ, ಒಬ್ಬರಂತೂ ನಿರುತ್ಯ. ಅವತ್ತು ಜಾಗ ಬೇರೆ ಕಡಿಮೆ ಇತ್ತು, ಕೆಳಗೆ ದೇಣಿಗೆ ಕೊಟ್ಟವರ ಹೆಸರೆಲ್ಲ ಹಿಡಿಸಬೇಕಿತ್ತು, ಇದೊಂದು ಯಾಕೆ ತಲೆಬಿಸಿ ಅಂತ ನಾನು ಸುಮ್ನೆ "ಮಕ್ಕಳ ಕುಣಿತ" ಅಂತ ಹೊಡೆದು ವಾಟ್ಸಾಪಿನಲ್ಲಿ ಪ್ರೂಫ್ ಕಳಿಸಿಬಿಟ್ಟೆ.

ಅರ್ಧ ತಾಸಿಗೆ ಫೋನ್ ಬಂತು.

"ಸರ್, ಕುಣಿತ ಅಂತ ಯಾಕ ಹಾಕೀರಿ?"

"ಎರಡೂ ಒಂದ ಅಲ್ಲೇನ್ರೀ ಅಕ್ಕಾರ."

"ಒಂದ ಹೆಂಗಾಗ್ತಾವ್ರೀ? ನನ್ನ ಮಗಳು ನಾಕು ವರ್ಷದಿಂದ ಕ್ಲಾಸಿಗೆ ಹೊಂಟಾಳ. ಆಕಿ ಕುಣಿಯೂದಿಲ್ಲ, ನೃತ್ಯ ಮಾಡ್ತಾಳ."

ತಿದ್ದಿದೆ. ದಾನಿಗಳ ಹೆಸರಿನ ಅಕ್ಷರ ಒಂದು ಪಾಯಿಂಟ್ ಸಣ್ಣದಾಯಿತು, ಅದಕ್ಕೆ ಬೇರೆಯವರು ಫೋನ್ ಮಾಡಿದರು, ಆ ಕಥೆ ಬಿಡಿ. ಆದರೆ ಆ ಅಕ್ಕಾರ ಮಾತು ತಲೆಯಲ್ಲಿ ಉಳಿಯಿತು. ಮೊದಲು ಸಿಟ್ಟು ಬಂದಿತ್ತು. ಆಮೇಲೆ ಯೋಚನೆ ಮಾಡಿದರೆ ಅವರು ಹೇಳಿದ್ದು ಸರಿಯಾಗೇ ಇದೆ ಅನ್ನಿಸಿತು. ನಮ್ಮಲ್ಲಿ ಕುಣಿಯೋದಕ್ಕೆ ಯಾವ ಪದ ಹಾಕಬೇಕು ಅನ್ನೋದು ಕಾಲು ಹೇಗೆ ಆಡಿತು ಅನ್ನೋದರ ಮೇಲೆ ಇಲ್ಲ. ಕಾಲು ಯಾರದ್ದು ಅನ್ನೋದರ ಮೇಲೆ ಇದೆ.

ಪೇಪರ್ ತೆಗೆದು ನೋಡಿ. ಜಾತ್ರೆಯಲ್ಲೋ ಗಣಪತಿ ಬಿಡುವಾಗಲೋ ಶಾಸಕರು ಡೊಳ್ಳಿನವರ ನಡುವೆ ಹೋಗಿ ನಿಂತು ಎರಡು ಸಲ ಕೈ ಮೇಲೆತ್ತಿದರು ಅಂದುಕೊಳ್ಳಿ. ಮರುದಿನ ಫೋಟೋ ಕೆಳಗೆ ಏನಿರುತ್ತದೆ? "ಶಾಸಕರು ಹೆಜ್ಜೆ ಹಾಕಿದರು". ಅದೇ ಮೆರವಣಿಗೆಯಲ್ಲಿ ಅದೇ ಹಾಡಿಗೆ ನಮ್ಮ ಅಂಗಡಿ ಹುಡುಗ ಕುಣಿದರೆ "ಯುವಕರು ಕುಣಿದು ಕುಪ್ಪಳಿಸಿದರು". ಕುಪ್ಪಳಿಸೋದು ಕಪ್ಪೆ ಕೆಲಸ ಅಲ್ವಾ? ಇಲ್ಲಿಯವರೆಗೆ ಯಾವ ಶಾಸಕರೂ ಕುಪ್ಪಳಿಸಿದ್ದನ್ನು ನಾನು ಓದಿಲ್ಲ. ಸ್ವಾಮಿಗಳಂತೂ ಹೆಜ್ಜೆಯನ್ನೂ ಹಾಕೋದಿಲ್ಲ, "ಭಕ್ತರ ಸಂಭ್ರಮದಲ್ಲಿ ಪಾಲ್ಗೊಳ್ಳುತ್ತಾರೆ".

ಇನ್ನು ಬಡತನ, ಭ್ರಷ್ಟಾಚಾರ, ಡೆಂಗಿ, ಇವೆಲ್ಲ ತಾಂಡವವಾಡುತ್ತವೆ. ಶಿವನ ಕುಣಿತ ಅದು. ಈಗ ಪೇಪರಿನಲ್ಲಿ ಶಿವನಿಗಿಂತ ಕೆಟ್ಟ ರಸ್ತೆಯ ಧೂಳೇ ಜಾಸ್ತಿ ತಾಂಡವ ಆಡೋದು. ಅದರ ಜೋಡಿ ಲಾಸ್ಯ ಅಂತ ಒಂದಿತ್ತು, ಮೆದುವಾದ ಕುಣಿತಕ್ಕೆ. ಅದು ಮಾತಿನಿಂದ ಹೋಗಿಬಿಟ್ಟಿದೆ. ನನ್ನ ಕೈಗೆ ನಾಮಕರಣದ ಕಾರ್ಡಿನಲ್ಲಿ ಮಾತ್ರ ಸಿಗುತ್ತದೆ, ಹೆಣ್ಣುಮಗುವಿನ ಹೆಸರಾಗಿ.

ಕುಣಿ ಅನ್ನೋ ಪದಕ್ಕೆ ನಮ್ಮ ಕಡೆ ಇರುವ ಮರ್ಯಾದೆ ನೋಡಬೇಕಂದರೆ ಮನೆಯೊಳಗಿನ ಬೈಗುಳ ಕೇಳಬೇಕು. ನಾನು ಹತ್ತನೇ ಕ್ಲಾಸಿನಲ್ಲಿ ಫಸ್ಟ್ ಕ್ಲಾಸ್ ಬಂದಾಗ ಬೀದಿ ತುಂಬ ಹೇಳಿಕೊಂಡು ಬಂದಿದ್ದಕ್ಕೆ ಅವ್ವ ಅಂದಿದ್ದು, "ಭಾಳ ಕುಣಿಬ್ಯಾಡ, ಪಿಯುಸಿ ಐತಿ ಮುಂದ." ಸಿಟ್ಟಿಗೆದ್ದು ಕೂಗಾಡಿದವನನ್ನೂ "ಕುಣಿದಾಡಿ ಹ್ವಾದ" ಅಂತಾರೆ. ಹೆಂಡತಿ ಮಾತು ಕೇಳುವವನು "ಆಕಿ ಕುಣಿಸಿದಂಗ ಕುಣಿತಾನ". ಖುಷಿ, ಸೊಕ್ಕು, ಸಿಟ್ಟು, ಗುಲಾಮಗಿರಿ ಎಲ್ಲಕ್ಕೂ ಇದೊಂದೇ ಪದ ಸಾಕು. ಗಾದೆ ಗೊತ್ತಲ್ಲ, ಕುಣಿಲಾರದಾಕಿ ನೆಲ ಡೊಂಕ ಅಂದ್ಲಂತ. ಇದು ಸ್ವಲ್ಪ ತೊಳೆದ ರೂಪ. ಹಳೆಯದರಲ್ಲಿ ಆಕಿ ಅನ್ನೋ ಜಾಗದಲ್ಲಿ ಸೂಳೆ ಅಂತಿದೆ. ಆ ಅಕ್ಕಾರು ಮಗಳ ಹೆಸರಿನ ಪಕ್ಕ ಕುಣಿತ ಬೇಡ ಅಂದಿದ್ದರ ಹಿಂದೆ ಇದೂ ಎಲ್ಲೋ ಇದ್ದೀತು, ಅವರಿಗೆ ಗೊತ್ತಿದ್ದೋ ಗೊತ್ತಿಲ್ಲದೆಯೋ.

ಇದಕ್ಕೆ ಒಂದು ವಿಚಿತ್ರ ಸಾಕ್ಷಿ ನಮ್ಮ ಹಿತ್ತಲಿನಲ್ಲೇ ಹಾರಾಡುತ್ತದೆ. ಬೆಂಗಳೂರಿನವರು ಚಿಟ್ಟೆ ಅನ್ನೋದನ್ನು ನಾವು ಪಾತರಗಿತ್ತಿ ಅಂತೀವಿ. ಪದ ಕೇಳಿದ ಕೂಡಲೇ ಎಲ್ಲರಿಗೂ ಬೇಂದ್ರೆಯವರ ಹಾಡು ನೆನಪಾಗುತ್ತದೆ, ನಾನು ಆ ಕಡೆ ಹೋಗೋದಿಲ್ಲ. ಪದವನ್ನೇ ಬಿಡಿಸಿ ನೋಡಿ. ಸೂಲಗಿತ್ತಿ, ಮದಲಗಿತ್ತಿ, ಹಾಗೇ ಪಾತರಗಿತ್ತಿ. ಪಾತರ ಅಂದರೆ ಕುಣಿಯುವ ಹೆಂಗಸು, ಪಾತ್ರ ಅನ್ನೋದರಿಂದ ಬಂದದ್ದು. ಹಳೆಯ ಶಾಸನಗಳಲ್ಲಿ ದೇವಸ್ಥಾನದ ಕುಣಿತದವರಿಗೆ ಪಾತ್ರ ಅಂತಲೇ ಹೆಸರು. ದೇವರಿಗೆ ಅಂಗಭೋಗ, ರಂಗಭೋಗ ಅಂತ ಭೂಮಿ ಬಿಡುತ್ತಿದ್ದರು. ಅಂಗಭೋಗ ಅಂದರೆ ಸ್ನಾನ, ಗಂಧ, ಹೂವು. ರಂಗಭೋಗ ಅಂದರೆ ಹಾಡು, ಕುಣಿತ. ಸೂಳೆ ಅನ್ನೋ ಪದವೂ ಅದೇ ಶಾಸನಗಳಲ್ಲಿ ದೇವಸ್ಥಾನದ ಸೇವೆಯ ಹೆಂಗಸರಿಗೆ ಇದ್ದ ಹೆಸರು, ಆಗ ಅದು ಬೈಗುಳ ಆಗಿರಲಿಲ್ಲ. ಆಮೇಲೆ ಆ ಹೆಂಗಸರ ಬದುಕೇ ಕೆಳಗಿಳಿಯಿತು, ಜೊತೆಗೆ ಪದಗಳೂ ಇಳಿದವು. ದೇವದಾಸಿ ಬಿಡೋದನ್ನು ನಿಲ್ಲಿಸಲು ಕರ್ನಾಟಕದಲ್ಲಿ 1982ರ ಕಾಯ್ದೆ ಬರಬೇಕಾಯಿತು. ಪಾತರದವಳು ಅಂತ ಯಾರಿಗಾದರೂ ಅಂದರೆ ಹೊಡೆದಾಟ ಆಗುತ್ತದೆ. ಹುಳಕ್ಕೆ ಅಂದರೆ ಏನೂ ಆಗೋದಿಲ್ಲ, ಮಕ್ಕಳು "ಪಾತರಗಿತ್ತಿ ಪಾತರಗಿತ್ತಿ" ಅಂತ ಅದರ ಹಿಂದೆ ಓಡುತ್ತವೆ.

ಈಗ ನನ್ನದೊಂದು ತಪ್ಪು ಹೇಳಬೇಕು. ಕೆಲವು ವರ್ಷದ ಹಿಂದೆ ಒಬ್ಬ ಭರತನಾಟ್ಯದ ಟೀಚರ್ ತಮ್ಮ ಶಿಷ್ಯೆಯ ರಂಗಪ್ರವೇಶದ ಕಾರ್ಡ್ ಮಾಡಿಸಿದರು. ಅವರ ಕಾಪಿಯಲ್ಲಿ "ನೃತ್ತ ಮತ್ತು ನೃತ್ಯ" ಅಂತಿತ್ತು. ನಾನು, ಪಾಪ, ಒಂದೇ ಪದ ಎರಡು ಸಲ ಬರೆದಿದ್ದಾರೆ, ಒಂದರಲ್ಲಿ ಯ ಒತ್ತು ಬಿಟ್ಟಿದ್ದಾರೆ ಅಂದುಕೊಂಡು ಮೊದಲನೆಯದನ್ನು ಅಳಿಸಿದೆ. ಅವತ್ತು ಅವಸರ, ಪ್ರೂಫ್ ತೋರಿಸಲಿಲ್ಲ. ಇನ್ನೂರು ಕಾರ್ಡ್ ಆದವು. ಅವರು ಬಂದು ನೋಡಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೌಂಟರಿನ ಮೇಲಿದ್ದ ಕಾಗದದ ರೀಮಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಾ "ತೈಯಾ ತೈ, ತೈಯಾ ತೈ" ಅಂದರು. "ಇದಕ್ಕ ಕಾಲು ಹಾಕಿದರ ನೃತ್ತ. ಅರ್ಥ ಏನೂ ಇಲ್ಲ, ತಾಳ ಮತ್ತ ಲಯ ಅಷ್ಟ. ಈಗ ನೋಡ್ರಿ." ಕುತ್ತಿಗೆ ಸ್ವಲ್ಪ ವಾಲಿಸಿ, ಬಾಗಿಲಿನ ಕಡೆ ಯಾರೋ ಬಂದರು ಅನ್ನೋ ಹಾಗೆ ನೋಡಿದರು. ನಾನು ನಿಜವಾಗಿ ತಿರುಗಿ ನೋಡಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ. "ಇದು ನೃತ್ಯ. ಭಾವ ಬಂತಲ್ಲ, ಅದಕ್ಕ ಯ ಒತ್ತು ಬರ್ತದ."

ಯ ಒತ್ತಿನ ಮಾತು ತಮಾಷೆಗೆ ಹೇಳಿದ್ದು. ಉಳಿದದ್ದು ಹಳೆಯ ಶಾಸ್ತ್ರ. ಧನಂಜಯ ಅನ್ನುವವನು 10ನೇ ಶತಮಾನದಲ್ಲಿ ಬರೆದ ದಶರೂಪಕದಲ್ಲಿ ಇದೇ ಲೆಕ್ಕ ಇದೆ: ತಾಳ ಲಯ ಹಿಡಿದದ್ದು ನೃತ್ತ, ಭಾವ ಹಿಡಿದದ್ದು ನೃತ್ಯ, ರಸ ಹಿಡಿದದ್ದು ನಾಟ್ಯ. ಆ ಧನಂಜಯ ಇದ್ದದ್ದು ಮಾಳವದ ಮುಂಜರಾಜನ ಆಸ್ಥಾನದಲ್ಲಿ. ಆ ಮುಂಜನನ್ನು ಸೋಲಿಸಿ ಸೆರೆ ಹಿಡಿದವನು ನಮ್ಮ ಚಾಲುಕ್ಯ ತೈಲಪ. ತೈಲಪನ ಸೇನಾಪತಿ ನಾಗದೇವನ ಹೆಂಡತಿಯೇ ಅತ್ತಿಮಬ್ಬೆ, ಇಲ್ಲಿಂದ 12 ಕಿಲೋಮೀಟರ್ ದೂರದ ಲಕ್ಕುಂಡಿಯಲ್ಲಿ 1007ರಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದವಳು. ಇದಕ್ಕೂ ನನ್ನ ಕಾರ್ಡಿಗೂ ಸಂಬಂಧ ಇಲ್ಲ, ಆದರೂ ನನಗೆ ಇಂಥದ್ದು ಸಿಕ್ಕರೆ ಬಿಡೋಕೆ ಆಗೋದಿಲ್ಲ.

ನಟ, ನಾಟಕ, ನಾಟ್ಯ ಕೂಡ ಈ ನೃತ್ಯದ ಮನೆತನದವೇ. ಅಂದರೆ "ನಾಟಕಾ ಮಾಡಬ್ಯಾಡ" ಅಂತ ಬೈದಾಗ ಬೇರಿನಲ್ಲಿ ಮತ್ತೆ ಅದೇ, ಕುಣಿಬ್ಯಾಡ! ಗಣೇಶ ಹಬ್ಬದ ಆ ಹುಡುಗಿ ಅವತ್ತು ಮಾಡಿದ್ದು ಅಲರಿಪು, ಭರತನಾಟ್ಯದಲ್ಲಿ ಮೊದಲು ಮಾಡೋದು. ಅಲರಿಪು ನೃತ್ತ. ಆಕೆಯ ಅವ್ವನಿಗೆ ಫೋನ್ ಮಾಡಿ ಹೇಳಿಬಿಡಲೇ ಅಂತ ಒಂದು ಕ್ಷಣ ಅನ್ನಿಸಿತ್ತು. ಬುದ್ಧಿ ಬಂತು, ಸುಮ್ಮನಾದೆ.

ಹಳ್ಳಿ ಕಡೆಯಿಂದ ಬರುವ ಕಾಪಿಗಳಲ್ಲಿ ನಾನು ಇನ್ನೊಂದು ಗಮನಿಸಿದ್ದೇನೆ. ಅಲ್ಲಿನ ಜನ ಕುಣಿತ ಅನ್ನೋ ಪದವನ್ನೇ ಅಷ್ಟಾಗಿ ಬರೆಯೋದಿಲ್ಲ. "ಡೊಳ್ಳಿನ ಮೇಳ" ಅಂತ ಬರೀತಾರೆ. ಡೊಳ್ಳು ಬಾರಿಸೋದು, ಡೊಳ್ಳಿನ ಪದ ಹಾಡೋದು, ಅಷ್ಟೇ. ಕುಣಿಯದೆ ಡೊಳ್ಳು ಬಾರಿಸೋಕೆ ಆಗುತ್ತಾ? ಹೇಳೋದೇನು ಬಂತು ಅನ್ನೋ ಭಾವ. "ಡೊಳ್ಳು ಕುಣಿತ" ಅಂತ ಬಂದರೆ ಅದು ಸರ್ಕಾರದ ಇಲಾಖೆಯ ಆಮಂತ್ರಣ. ಹುಬ್ಬಳ್ಳಿ ಕಡೆಯ ಜಗ್ಗಲಗಿಯೂ ಹಾಗೆ. ಚಕ್ಕಡಿ ಗಾಲಿಯಷ್ಟು ದೊಡ್ಡ ಬಳೆಗೆ ಎಮ್ಮೆ ಚರ್ಮ ಬಿಗಿದು ಹೋಳಿ ಹುಣ್ಣಿಮೆಗೆ ಬೀದಿಗೆ ತರುತ್ತಾರೆ. ಜನ ಅನ್ನೋದು "ಜಗ್ಗಲಗಿ ಬಾರಸ್ತಾರ". ವೀರಭದ್ರನ ಸೇವೆಯ ಪುರವಂತರದ್ದು ಇನ್ನೂ ಬೇರೆ. ಮದುವೆ ಮುಂಚೆ ಗುಗ್ಗಳ, ಅಂದರೆ ವೀರಭದ್ರನ ಮೆರವಣಿಗೆ, ಹೊರಡುವಾಗ ಪುರವಂತರು ಕತ್ತಿ ಹಿಡಿದು ಬೀದಿ ನಡುಗುವ ಹಾಗೆ ಕಾಲು ಹಾಕುತ್ತಾರೆ. ಅದನ್ನು ಯಾರಾದರೂ ಕುಣಿದರು ಅಂದಿದ್ದನ್ನು ನಾನು ನಮ್ಮ ಮನೆಗಳಲ್ಲಿ ಕೇಳಿಲ್ಲ. ಪುರವಂತರು ಒಡಪು ಹೇಳಿದರು, ಅಂದರೆ ವೀರಭದ್ರನನ್ನು ಹೊಗಳಿದರು, ಶಸ್ತ್ರ ಹಾಕಿಸಿಕೊಂಡರು ಅಂತಾರೆ. ಅವರ ಹಿಂದೆ ಬರುವ ನಂದಿಕೋಲನ್ನು ಮಾತ್ರ ಕುಣಿಸುತ್ತಾರೆ. ಕೋಲು ಕುಣಿಯುತ್ತದೆ, ಹೊತ್ತವನು ಕುಣಿಸುತ್ತಾನೆ. ಉದ್ದನೆಯ ಕೋಲಿನ ಗೆಜ್ಜೆ ಗಲಗಲ ಅಂತ ಮೇಲೆ, ಕೆಳಗೆ ಅವನ ಕುತ್ತಿಗೆಯ ನರ ಹಗ್ಗದ ಹಾಗೆ.

ಯಲ್ಲಮ್ಮನ ಜೋಗತಿಯರ ವಿಷಯದಲ್ಲಿ ಪದ ಬದಲಾಗಿದ್ದನ್ನು ಕಣ್ಣಾರೆ ಕಂಡೆ. 2021ರಲ್ಲಿ ಮಂಜಮ್ಮ ಜೋಗತಿ ಅವರಿಗೆ ಪದ್ಮಶ್ರೀ ಬಂತಲ್ಲ, ಆಮೇಲೆ ನನಗೆ ಬರುವ ಕಾಪಿಗಳಲ್ಲಿ "ಜೋಗತಿ ನೃತ್ಯ" ಶುರುವಾಯಿತು. ಅದಕ್ಕಿಂತ ಮೊದಲು ತಲೆ ಮೇಲೆ ಕೊಡ ಹೊತ್ತು ಬರುವವರಿಗೆ "ಜೋಗತೇರು ಬಂದಾರ" ಅಂತಿದ್ದರು, ಅವರು ಮಾಡುವುದಕ್ಕೆ ಬೇರೆ ಹೆಸರೇ ಇರಲಿಲ್ಲ.

ಕರಡಿ ಮಜಲಿನದ್ದೂ ಹೇಳಿಬಿಡುತ್ತೇನೆ. ಹೊಸದಾಗಿ ಅಂಗಡಿ ಹಾಕಿದಾಗ ಜಾತ್ರೆಯ ಪೋಸ್ಟರಿಗೆ "ಕರಡಿ ಮಜಲು" ಅಂತ ಬಂದಿತ್ತು. ನಾನು ಚಂದ ಕಾಣಲಿ ಅಂತ ಪಕ್ಕದಲ್ಲಿ ಒಂದು ಕರಡಿ ಚಿತ್ರ ಹಾಕಿದೆ, ಎದ್ದು ನಿಂತ ಕರಡಿ. ಕರಡಿ ಅಂದರೆ ಅಲ್ಲಿ ಒಂದು ಚರ್ಮವಾದ್ಯ ಅಂತ ನನಗೆ ಗೊತ್ತಿರಲಿಲ್ಲ. ಪೋಸ್ಟರ್ ಒಯ್ಯಲು ಬಂದ ಯಜಮಾನರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಇದನ್ನ ಎಲ್ಲಿಂದ ತರೂಣ್ರಿ ಈಗ?" ಅಂದರು.

ಆಟದ ಕಡೆಗೂ ಬರಬೇಕು, ಆದರೆ ಅದು ದೊಡ್ಡ ಸಮುದ್ರ. ಆಡು ಅಂದರೆ ಮೊದಲು ಅಲುಗು ಅಂತ ಅನ್ನಿಸುತ್ತೆ ನನಗೆ. ಓಲಾಡು, ತೂಗಾಡು, ಅಲ್ಲಾಡು. ಆಮೇಲೆ ಮಕ್ಕಳ ಆಟ, ಬಾಯಿ ಆಡಿದರೆ ಮಾತಾಟ, ಕೋಲು ಹಿಡಿದರೆ ಕೋಲಾಟ, ಬಯಲಲ್ಲಿ ಬಣ್ಣ ಹಚ್ಚಿದರೆ ಬಯಲಾಟ. ದೊಡ್ಡಾಟದಲ್ಲಿ ರಾಕ್ಷಸ ವೇಷದವನು ಹಲಗೆಯ ಅಟ್ಟ ಮುರಿಯುವ ಹಾಗೆ ಕುಣಿದರೂ ಅದು ಆಟವೇ. ಕೂಸನ್ನು ಆಡಿಸುತ್ತೇವೆ, ಕುಣಿಸೋದಿಲ್ಲ. ಅಥವಾ ಕುಣಿಸಿದರೆ ತೊಡೆ ಮೇಲೆ ನಿಲ್ಲಿಸಿಕೊಂಡು ಎರಡು ಸಲ ಅಷ್ಟೇ. ಆಡಿಸೋದರಲ್ಲಿ ಪ್ರೀತಿ ಇದೆ, ಕುಣಿಸೋದರಲ್ಲಿ ಹಗ್ಗ ಇದೆ. ನಲಿ ಅನ್ನೋದು ಬಾಯಿಂದ ಪೂರ್ತಿ ಹೋಗಿದೆ, ಯಾರೂ "ಬಾ ನಲಿಯೋಣ" ಅನ್ನೋದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಅನ್ನೋ ಶಾಲೆಯ ಪಾಠದ ಪದ್ಧತಿ ಇಲ್ಲದಿದ್ದರೆ ಈಗಿನ ಮಕ್ಕಳಿಗೆ ಆ ಪದ ಗೊತ್ತೇ ಇರುತ್ತಿರಲಿಲ್ಲವೇನೋ. ಬಂಕಾಪುರದ ನವಿಲುಧಾಮದಲ್ಲಿ ಒಮ್ಮೆ ಗಂಡು ನವಿಲು ಗರಿ ಬಿಚ್ಚಿ ಸರಸರ ನಡುಗಿಸುತ್ತಾ ತಿರುಗೋದನ್ನು ನೋಡಿದೆ. ಎದುರಿಗಿದ್ದ ಹೆಣ್ಣು ನೆಲ ಕೆದರುತ್ತಿತ್ತು, ತಲೆ ಕೂಡ ಎತ್ತಲಿಲ್ಲ. ಆಗ ನನಗೆ ಸಿಕ್ಕಿದ್ದು ನಲಿಯೂ ಅಲ್ಲ ನರ್ತನವೂ ಅಲ್ಲ. ಪಾಪ, ಕುಣಿದು ಕುಣಿದು ಸುಸ್ತಾಗಿತ್ತು.

ಮೊಹರಂ ಇಲ್ಲದೆ ಈ ಬರಹ ಮುಗಿಯೋದಿಲ್ಲ. ಅವ್ವನ ತವರು ಸವಣೂರಿನ ಹತ್ತಿರ. ನಮ್ಮ ಕಡೆ ಕುಣಿ ಅಂದರೆ ಗುಂಡಿ ಕೂಡ. ತೆಂಗಿನ ಸಸಿಗೂ ಕುಣಿ, ಹೆಣಕ್ಕೂ ಕುಣಿ. ಮೊಹರಂ ದೇವರು ಕೂರುವಾಗ ಮಸೂತಿ ಮುಂದೆ ತೋಡುವುದು ಅಲಾಯಿ ಕುಣಿ. ಅದರಲ್ಲಿ ಕಟ್ಟಿಗೆ ಹಾಕಿ ಬೆಂಕಿ ಹಚ್ಚುತ್ತಾರೆ, ಸುತ್ತ ಕುಣಿಯುತ್ತಾರೆ. ಊರಿನಲ್ಲಿ ಮುಸಲರ ಮನೆ ನಾಲ್ಕೋ ಐದೋ ಇದ್ದವು, ಕುಣಿಯುವವರು ಊರೆಲ್ಲ. ಬೆಂಗಳೂರಿಂದ ಬಂದಿದ್ದ ನನ್ನ ಚಿಕ್ಕವ್ವನ ಮಗ ಅಲ್ಲೇ ನಿಂತಿದ್ದ. ಅಮ್ಮ, ಅಂದರೆ ಅವ್ವನ ಅವ್ವ, ಕಟ್ಟೆ ಮೇಲಿಂದ ಕೂಗಿದಳು: "ಕುಣಿ ಹತ್ರ ಕುಣಿಬ್ಯಾಡೋ, ಕುಣ್ಯಾಗ ಬಿದ್ದೀಯ!" ಅವನು ಕುಣಿಯಬೇಕೋ ಬೇಡವೋ ತಿಳಿಯದೆ ನನ್ನ ಮುಖ ನೋಡಿದ.

ಹಲಗಿಯವರು ಹಲಗಿಯನ್ನು ಬೆಂಕಿಗೆ ಹಿಡಿದು ಕಾಸುತ್ತಿದ್ದರು. ಚರ್ಮ ಬಿಗಿಯಾಗುವವರೆಗೆ ಬೆರಳಿನಿಂದ ಮೀಟಿ ಮೀಟಿ ನೋಡೋರು. ಊದಿನ ಹೊಗೆ, ಸಕ್ಕರೆ ಓದಿಸಲು ನಿಂತ ಹೆಂಗಸರು. ಆಮೇಲೆ ಹುಡುಗರ ಸಾಲು ಬಂತು, ಕೈಯಲ್ಲಿ ಬಣ್ಣದ ಕರ್ಚೀಫ್. ಎರಡು ಹೆಜ್ಜೆ ಮುಂದೆ, ಬಾಗಿ, ಒಂದು ಹೆಜ್ಜೆ ಹಿಂದೆ, ಕರ್ಚೀಫ್ ಝಾಡಿಸಿ ತಿರುಗೋದು. ಸಾಲಿನಲ್ಲಿ ನಮ್ಮ ಮಾವನೂ ಇದ್ದ. ಹಗಲು ಹೊತ್ತು ಯಾರ ಜೊತೆಗೂ ನಾಲ್ಕು ಮಾತು ಆಡದ ಮನುಷ್ಯ. ಬೆಂಕಿ ಬೆಳಕಿನಲ್ಲಿ ಅವನ ಅಂಗಿ ಬೆನ್ನಿಗೆ ಅಂಟಿತ್ತು, ಕಣ್ಣು ಎಲ್ಲೋ ಇತ್ತು. ನಾನು ಕರೆದೆ. ಕೇಳಿಸಲಿಲ್ಲ ಅವನಿಗೆ. ಅದನ್ನು ಕುಣಿತ ಅನ್ನಲೋ ನೃತ್ಯ ಅನ್ನಲೋ ಅಂತ ಆಗ ಯಾರೂ ಕೇಳುವವರಿರಲಿಲ್ಲ.

ಮೊನ್ನೆ ಒಂದು ಮದುವೆಯಲ್ಲಿ ಡಿಜೆಯವನು ಮೈಕಿನಲ್ಲಿ "ನಾಚೋ ನಾಚೋ" ಅಂತ ಕಿರುಚುತ್ತಿದ್ದ. ಅವ್ವನಿಗೆ ಹಿಂದಿ ಬರೋದಿಲ್ಲ. ಸ್ವಲ್ಪ ಹೊತ್ತು ಕೇಳಿಸಿಕೊಂಡಳು. "ಅಂವ ಆಗಿಂದ ನಾಚರಿ ನಾಚರಿ ಅಂತ ಒದರಾಕತ್ಯಾನ, ಒಬ್ಬಾಕೀನೂ ನಾಚವಲ್ಲಳು ನೋಡು" ಅಂದಳು.

ಹೋದ ವಾರ ಲಕ್ಷ್ಮೇಶ್ವರದ ಕಡೆಯ ಹಳ್ಳಿಯಿಂದ ಇಬ್ಬರು ಹುಡುಗರು ಮೊಹರಂ ಫ್ಲೆಕ್ಸ್ ಮಾಡಿಸಲು ಬಂದಿದ್ದರು. ಇಷ್ಟೆಲ್ಲ ಪಾಠ ಕಲಿತಿದ್ದೇನಲ್ಲ, ಈ ಸಲ ಮೊದಲೇ ಕೇಳಿದೆ. "ಹೆಜ್ಜೆ ಮೇಳ ಅಂತ ಹಾಕಲೋ, ಹೆಜ್ಜೆ ಕುಣಿತ ಅಂತಲೋ, ಇಲ್ಲಾ ಹೆಜ್ಜೆ ನೃತ್ಯ ಅಂತಲೋ?"

"ಬರೇ ಹೆಜ್ಜಿ ಅಂತ ಹಾಕ್ರಿ ಅಣ್ಣಾರ, ತಿಳಿತೈತಿ ಎಲ್ಲಾರಿಗೂ."

"ಹೆಜ್ಜೆ" ಅಂತ ದೊಡ್ಡದಾಗಿ ಹೊಡೆದೆ. ಸಣ್ಣವನು ಸ್ಕ್ರೀನಿಗೆ ಮೂಗು ತಾಗಿಸಿ ನೋಡಿದ.

"ಅಣ್ಣಾರ, ಜ್ಜಿ."